ಜ್ವರಕ್ಕೆ ಬಿಗಿಯುವ ಪಟ್ಟಿ

ಏಪ್ರಿಲ್ 3, ಬುಧವಾರ

ಕೋಪ ಬಂದಾಗ ಬರೆದಿಟ್ಟರೆ ಇಳಿಯುತ್ತದೆ ಎಂದು ಅಮ್ಮ ಹೇಳುತ್ತಾಳೆ. ಅವಳು ಬರೆದದ್ದನ್ನು ನಾನಂತೂ ನೋಡಿಲ್ಲ, ಬೈದದ್ದನ್ನು ಕೇಳಿದ್ದೇನೆ. ಇರಲಿ, ಒಂದು ಸಲ ಪರೀಕ್ಷೆ ಮಾಡಿ ನೋಡೋಣ.

ನನ್ನ ಪಟ್ಟಿಯನ್ನು ಮೊದಲ ಸಲ ಮನುಷ್ಯನ ಮೈಯೊಳಗೆ ಇಡಲು ಒಪ್ಪಿಗೆ ಸಿಕ್ಕಿದೆ. ಮೇಷ್ಟ್ರು ಮೀಟಿಂಗಿನಲ್ಲಿ ಹೇಳಿದರು. ಪ್ರಯೋಗಾಲಯಕ್ಕೆ ಅವರು ಮುಖ್ಯಸ್ಥರಾದರೂ ನನಗೆ ಪಾಠ ಹೇಳಿದವರಾದ್ದರಿಂದ ಈಗಲೂ ಮೇಷ್ಟ್ರೇ. ಹೊಸಬರಿಗೆ ಅವರು ವಿವರಿಸಿದ ರೀತಿ ನನಗೆ ಹಿಡಿಸಲಿಲ್ಲ. ಮಾಯಾಮಂತ್ರದ ಹಾಗೆ ಹೇಳಿದರು. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: ಇದು ಕಿರುಬೆರಳ ಉಗುರಿನಷ್ಟು ದೊಡ್ಡ, ಕೂದಲಿಗಿಂತ ತೆಳುವಾದ ಪಾಲಿಮರ್ ಪಟ್ಟಿ. ತಂಪಿನಲ್ಲಿ ಚಪ್ಪಟೆಯಾಗಿ ಸೆಟೆದುಕೊಂಡಿರುತ್ತದೆ, ಚಿಮಟದಲ್ಲಿ ಹಿಡಿದು ಎಲ್ಲಿ ಬೇಕಾದರೂ ಇಡಬಹುದು. ಮೈಯ ಬಿಸಿ ತಗಲಿದರೆ ಮೆತ್ತಗಾಗಿ, ತಾನೇ ಸುರುಳಿ ಸುತ್ತಿಕೊಂಡು ನರವನ್ನು ತಬ್ಬಿಕೊಳ್ಳುತ್ತದೆ. ಒಳಗಿರುವ ಚಿನ್ನದ ಎಳೆಗಳು ನರಕ್ಕೆ ಮೆಲ್ಲಗೆ ವಿದ್ಯುತ್ತಿನ ತಟ್ಟು ಕೊಡುತ್ತವೆ. ಹೊಲಿಗೆ ಬೇಡ, ಅಂಟು ಬೇಡ, ಲೋಹದ ಹಾಗೆ ನರವನ್ನು ಕೊರೆಯುವುದೂ ಇಲ್ಲ.

ರೋಗಿ ಒಬ್ಬ ಪೇಂಟರ್. ಕಟ್ಟಡದ ಸಾರವೆಯಿಂದ ಬಿದ್ದು ಕತ್ತಿನ ಮೂಳೆ ಮುರಿದಿದೆ. ಕತ್ತಿನಿಂದ ಕೆಳಗೆ ಏನೂ ಆಡುವುದಿಲ್ಲ, ಉಸಿರು ಕೂಡ ಯಂತ್ರದ್ದೇ. ಉಸಿರಾಟದ ನರಗಳು ಎರಡೂ ಕಡೆ ಚೆನ್ನಾಗಿವೆ, ಆದರೆ ಮೆದುಳಿನಿಂದ ಅವಕ್ಕೆ ಸುದ್ದಿ ಬರುವ ದಾರಿ ಕಡಿದುಹೋಗಿದೆ. ಆ ಸುದ್ದಿಯನ್ನು ಎಡಕ್ಕೊಂದು, ಬಲಕ್ಕೊಂದು ಪಟ್ಟಿ ಕೊಡಬೇಕು.

ಇಲ್ಲಿಯವರೆಗೆ ಸಂತೋಷವೇ. ಕೋಪ ಬಂದದ್ದು ಆಮೇಲೆ. ರೋಗಿಯ ಮನೆಯವರಿಗೆ ನಾನೇ ಹೋಗಿ ವಿವರಿಸಬೇಕಂತೆ. ನಾನು ಪಟ್ಟಿ ಮಾಡುವವಳು. ಮನುಷ್ಯರಿಗೆ ಸಮಾಧಾನ ಹೇಳಲು ಆಸ್ಪತ್ರೆಯಲ್ಲಿ ಬೇರೆ ಜನ ಇಲ್ಲವೇ? ಇದರ ಮೇಲೆ, ಚಿನ್ನದ ಎಳೆ ಎಳೆಯುವ ತಂತಿ (ಅವನ ಹೆಸರನ್ನು ಯಾರೂ ಬಳಸುವುದಿಲ್ಲ, ಅವನೂ ಮರೆತಿರಬೇಕು) ನನ್ನ ತಂಪು ಕಪಾಟನ್ನು ನನ್ನನ್ನು ಕೇಳದೆ ತೆರೆದಿದ್ದ. "ಪಟ್ಟಿ ನನ್ನದೂ ಹೌದಲ್ಲಮ್ಮಾ," ಎಂದ. ಎಳೆ ನಿನ್ನದು, ಪಟ್ಟಿ ನನ್ನದು ಎಂದೆ. ಕಪಾಟಿಗೆ ಬೀಗ ಹಾಕಿದೆ.

ಬರೆದ ಮೇಲೂ ಕೋಪ ಇಳಿದಿಲ್ಲ.

ಏಪ್ರಿಲ್ 9, ಮಂಗಳವಾರ

ಆಸ್ಪತ್ರೆಗೆ ಹೋಗಿಬಂದೆ. ನಾಲ್ಕನೇ ಮಹಡಿ, ಕಿಟಕಿಯ ಪಕ್ಕದ ಹಾಸಿಗೆ. ಯಂತ್ರದ ಸದ್ದು ಕೋಣೆಯ ತುಂಬ. ರೋಗಿಯ ಕತ್ತಿಗೆ ತೂತು ಮಾಡಿ ಕೊಳವೆ ಹಾಕಿದ್ದಾರೆ. ಗಾಳಿ ಅಲ್ಲಿಂದಲೇ ಹೋಗಿ ಅಲ್ಲಿಂದಲೇ ಬರುವುದರಿಂದ ಗಂಟಲಿಗೆ ತಲುಪುವುದಿಲ್ಲ, ಧ್ವನಿ ಹೊರಡುವುದಿಲ್ಲ. ತುಟಿ ಮಾತ್ರ ಆಡುತ್ತದೆ. ಹೆಂಡತಿ ಅದನ್ನು ನೋಡಿ ನಮಗೆ ಹೇಳುತ್ತಾಳೆ.

ಗೋಡೆಯ ಮೇಲಿನ ಬಿಳಿ ಹಲಗೆಯಲ್ಲಿ ಚಿತ್ರ ಬರೆದು ವಿವರಿಸಿದೆ. ನಡುವೆ ಹೆಂಡತಿ ಹೇಳಿದಳು, "ಮೇಡಂ, ಸ್ವಲ್ಪ ಇವರ ಕಡೆ ತಿರುಗಿ ಹೇಳಿ. ಕಿವಿ ಸರಿಯಾಗಿದೆ ಇವರಿಗೆ."

ತಿರುಗಿದೆ. ಮುಗಿಸಿದ ಮೇಲೆ ರೋಗಿ ಏನೋ ಕೇಳಿದ. ತುಟಿ ಸುಮ್ಮನೆ ತೆರೆದು ಮುಚ್ಚಿದ ಹಾಗೆ ಕಂಡಿತು ನನಗೆ. ಹೆಂಡತಿಯೇ ಹೇಳಿದಳು: "ಉಸಿರು ಬಂದ್ರೆ ಮಾತೂ ಬರತ್ತಾ ಅಂತ ಕೇಳ್ತಿದಾರೆ."

"ಅದು ನನ್ನ ವಿಭಾಗ ಅಲ್ಲ. ಡಾಕ್ಟರನ್ನ ಕೇಳಿ," ಎಂದೆ.

ಅದು ನಿಜವೇ. ನನಗೆ ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ.

ಏಪ್ರಿಲ್ 15, ಸೋಮವಾರ

ಅಮ್ಮನಿಗೆ ಬೆಳಿಗ್ಗೆ ಜ್ವರ. ಥರ್ಮಾಮೀಟರು ಮೂವತ್ತೊಂಬತ್ತು ದಾಟಿತ್ತು. ಅದನ್ನು ನೋಡುತ್ತಾ ನಿಂತವಳಿಗೆ ಒಮ್ಮೆಲೇ ಹೊಳೆಯಿತು. ಮೈಯ ಬಿಸಿ ಎಂದರೆ ಮೂವತ್ತೇಳು ಎಂದೇ ಹಿಡಿದುಕೊಂಡು ಕೂತಿದ್ದೇವೆ. ಎಲ್ಲ ಪರೀಕ್ಷೆಯೂ ಅದರ ಆಸುಪಾಸಿನಲ್ಲೇ ನಿಂತಿದೆ. ಹೆಚ್ಚೆಂದರೆ ಮೂವತ್ತೆಂಟು, ಅಷ್ಟಕ್ಕೇ ಮುಗಿಸಿದ್ದೇವೆ. ಮೈಗೆ ಜ್ವರವೂ ಬರುತ್ತದಲ್ಲ!

ಮಾತ್ರೆ, ನೀರು ಅಮ್ಮನ ಪಕ್ಕ ಇಟ್ಟು ಓಡಿದೆ. ಜೆಲ್ಲಿಯಲ್ಲಿ ಮಾಡಿದ ನಕಲಿ ನರದ ಮೇಲೆ ಪಟ್ಟಿಯಿಟ್ಟು ಬಿಸಿ ಏರಿಸಿದೆ. ಮೂವತ್ತೇಳಕ್ಕೆ ಎಂದಿನಂತೆ ಸುತ್ತಿಕೊಂಡಿತು, ನೋಡಲು ಚಂದ. ಮೂವತ್ತೊಂಬತ್ತಕ್ಕೆ ಮತ್ತಷ್ಟು ಮೆತ್ತಗಾಯಿತು. ಆಮೇಲೆ ಸುಮ್ಮನಿರಲಿಲ್ಲ, ಇನ್ನೂ ಬಿಗಿಯಿತು. ನಲವತ್ತರ ಹತ್ತಿರ ಜೆಲ್ಲಿ ಕತ್ತರಿಸಿ ಎರಡು ತುಂಡಾಗಿ ಬಿತ್ತು.

ಮತ್ತೆ ಮಾಡಿದೆ. ಮತ್ತೆ ಎರಡು ತುಂಡು.

ಸಂಜೆ ಮನೆಗೆ ಬಂದರೆ ಅಮ್ಮ ಎದ್ದು ಕೂತು ಇಸ್ಪೀಟು ಜೋಡಿಸುತ್ತಿದ್ದಳು. "ಜ್ವರ ಮಧ್ಯಾಹ್ನವೇ ಬಿಡ್ತು. ನಿನ್ನ ಪಟ್ಟಿಗೆ ಹೇಗಿದೆ?" ಎಂದಳು. ವ್ಯಂಗ್ಯ ಎಂದು ಆಮೇಲೆ ಹೊಳೆಯಿತು.

ಏಪ್ರಿಲ್ 19, ಶುಕ್ರವಾರ

ಮೇಷ್ಟ್ರ ಕೋಣೆಯಲ್ಲಿ ಜಗಳವೇ ಆಯಿತು. ತುಂಡಾದ ಜೆಲ್ಲಿಯನ್ನು ಗಾಜಿನ ತಟ್ಟೆಯಲ್ಲಿ ಒಯ್ದು ಮೇಜಿನ ಮೇಲಿಟ್ಟೆ.

"ಜ್ವರ ಇಳಿಸೋಕೆ ಔಷಧಿ ಇದೆ. ಅಷ್ಟೊಂದು ಏರೋಕೆ ಬಿಡ್ತಾರಾ ಆಸ್ಪತ್ರೆಯಲ್ಲಿ?" ಎಂದರು.

"ಬಿಡಲ್ಲ ಅಂತ ಬರೆದುಕೊಡ್ತೀರಾ ಸರ್?"

"ಆರು ವರ್ಷದ ಕೆಲಸ ಇದು. ಈಗ ನಿಂತ್ರೆ ಮತ್ತೆ ಏಳಲ್ಲ. ಯೋಚನೆ ಮಾಡು."

"ಅದೇ ನರ ಕಡಿದುಹೋದ್ರೆ ಅದೂ ಮತ್ತೆ ಏಳಲ್ಲ."

ಎದ್ದು ಕಿಟಕಿ ತೆರೆದರು, ಮುಚ್ಚಿದರು. ಆಮೇಲೆ ಸರ್ಜನ್ ಮೇಡಂಗೆ ಅವರೇ ಫೋನ್ ಮಾಡಿದರು. ಮೇಡಂ ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಇದನ್ನ ನಾನು ಒಳಗಿಡಲ್ಲ. ಆದ್ರೆ ಮೇ ಕೊನೆಗೆ ನಾನು ಈ ದೇಶದಲ್ಲಿ ಇರಲ್ಲ, ಇಷ್ಟು ಸಣ್ಣ ನರದ ಮೇಲೆ ಕೈ ಆಡಿಸುವವರು ಇಲ್ಲಿ ಬೇರೆ ಯಾರೂ ಇಲ್ಲ. ಆಪರೇಷನ್‌ಗೆ ಇಟ್ಟಿರೋ ಮೇ ಹನ್ನೊಂದನ್ನ ನಾನು ಬದಲಾಯಿಸಲ್ಲ. ಅಷ್ಟರೊಳಗೆ ಸರಿ ಮಾಡ್ಕೊಂಡು ಬನ್ನಿ."

ಪೇಂಟರನ ಹೆಂಡತಿಗೆ ವಿಷಯ ತಿಳಿಸುವುದೂ ನನ್ನ ತಲೆಗೇ ಬಂತು. ಫೋನಿನಲ್ಲಿ ಹೇಳಿದೆ. ಆ ಕಡೆ ಯಂತ್ರದ ಸದ್ದು ಮಾತ್ರ ಕೇಳಿಸುತ್ತಿತ್ತು. ಕೊನೆಗೆ, "ಕೆಟ್ಟಿದೆ ಅಂತ ಮೊದಲೇ ಗೊತ್ತಾಯ್ತಲ್ಲ ಮೇಡಂ, ಒಳ್ಳೇದಾಯ್ತು," ಎಂದಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಏಪ್ರಿಲ್ 24, ಬುಧವಾರ

ಮಿಶ್ರಣ ಬದಲಾಯಿಸಿದೆ. ಈಗ ಜ್ವರಕ್ಕೂ ಬಿಗಿಯುವುದಿಲ್ಲ, ಮೈಬಿಸಿಗೂ ಸುತ್ತುವುದಿಲ್ಲ. ಸತ್ತ ಚರ್ಮದ ಹಾಗೆ ಬಿದ್ದಿದೆ.

ಏಪ್ರಿಲ್ 26, ಶುಕ್ರವಾರ

ಇಲ್ಲ.

ಏಪ್ರಿಲ್ 29, ಸೋಮವಾರ

ಇದೂ ಇಲ್ಲ. ಹೊರಗೆ ಬಿಸಿಲು ಎಂಥ ಬಿಸಿಲು ಎಂದರೆ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತದೆ. ಸಂಜೆ ಸಂಜೆ ಕರೆಂಟು ಕಣ್ಣುಮುಚ್ಚಾಲೆ ಆಡುತ್ತಿದೆ.

ಪೇಂಟರನ ಹೆಂಡತಿ ಫೋನ್ ಮಾಡಿದ್ದಳು. ಕೆಲಸ ಎಲ್ಲಿಗೆ ಬಂತು ಎಂದು ಕೇಳಲಿಲ್ಲ. "ಇವರು ಕೇಳು ಅಂದ್ರು, ಊಟ ಆಯ್ತಾ ನಿಮ್ಮದು?" ಆಗಿರಲಿಲ್ಲ. ಆಯಿತು ಎಂದೆ.

ಮೇ 2, ಗುರುವಾರ

ಬೆಳಿಗ್ಗೆ ಬಾಗಿಲು ತೆರೆದಾಗ ತಂತಿ ನನ್ನ ಮೇಜಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದ. ಏನನ್ನೂ ಮುಟ್ಟಿರಲಿಲ್ಲ, ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದ. ನನ್ನನ್ನು ಅಣಕಿಸಲಿಕ್ಕೇ.

"ಬೈಯೋದಾದ್ರೆ ಕೊನೆಗೆ ಬೈಯಿ. ಮೊದಲು ಕೇಳು," ಎಂದ. "ಬಿಗಿಯೋ ಗುಣವನ್ನೇ ತೆಗೆದ್ರೆ ಅದು ಪಟ್ಟಿನೇ ಅಲ್ಲ. ಬಿಗೀಲಿ ಬಿಡು. ಆದ್ರೆ ಬಾಗಿಲಿಗೆ ತಡೆ ಇಡ್ತೀವಲ್ಲ, ಗೋಡೆಗೆ ಬಡೀಬಾರದು ಅಂತ, ಹಾಗೆ ಸುರುಳಿಯ ದಾರಿಯಲ್ಲಿ ಒಂದು ಸಣ್ಣ ದಿಂಡು ಎಬ್ಬಿಸು. ಅಂಚು ಬಂದು ಅದಕ್ಕೆ ತಾಗಬೇಕು, ನಿಲ್ಲಬೇಕು."

ಬೈಯಲು ಬಾಯಿ ತೆರೆದಿದ್ದೆ. ತೆರೆದೇ ಇತ್ತು.

"ದಿಂಡೂ ಬಿಸಿಗೆ ಮೆತ್ತಗಾಗತ್ತೆ," ಎಂದೆ.

"ಬೇರೆ ಪಾಲಿಮರ್‌ನಲ್ಲಿ ಮಾಡು. ನಿನ್ನ ಹತ್ರ ಸಂತೆಯಷ್ಟು ಇದೆ."

ಕಪಾಟಿನ ಬೀಗ ತೆಗೆದೆ. ಅವನು ಅಚ್ಚು ಕೊರೆದ, ನಾನು ಸುರಿದೆ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಯಾರೋ ಬ್ರೆಡ್ ತಂದಿಟ್ಟಿದ್ದರು.

ಮೇ 6, ಸೋಮವಾರ

ನಿಲ್ಲುತ್ತಿದೆ! ಮೂವತ್ತೊಂಬತ್ತಕ್ಕೆ ಅಂಚು ದಿಂಡಿಗೆ ತಾಗಿ ನಿಂತಿತು. ಜೆಲ್ಲಿ ಇಡಿಯಾಗಿತ್ತು. ನಲವತ್ತಕ್ಕೂ ಇಡಿಯಾಗಿತ್ತು. ನಲವತ್ತೊಂದರ ಹತ್ತಿರ ದಿಂಡು ಬಾಗಲು ಶುರು. ನಲವತ್ತರವರೆಗೆ ನಂಬಬಹುದು, ಅದರಾಚೆ ನಂಬಬಾರದು ಎಂದು ಮೇಷ್ಟ್ರ ಮುಂದೆ, ಮೇಡಂ ಮುಂದೆ ಎರಡೆರಡು ಸಲ ಹೇಳಿದೆ.

"ಇಷ್ಟು ಸಾಕು. ನಲವತ್ತು ದಾಟಿಸೋದಿಲ್ಲ ಅನ್ನೋದು ನಮ್ಮ ಜವಾಬ್ದಾರಿ," ಎಂದರು ಮೇಡಂ.

ಪೇಂಟರಿಗೂ ಅಷ್ಟೇ ಹೇಳಿದೆ, ಆಸ್ಪತ್ರೆಗೆ ಹೋಗಿ, ಅವರ ಕಡೆ ತಿರುಗಿಯೇ. ಎಷ್ಟರವರೆಗೆ ಗೊತ್ತು, ಎಲ್ಲಿಂದಾಚೆ ಗೊತ್ತಿಲ್ಲ ಎಂದು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೆಂಡತಿಗೆ ಏನೋ ಹೇಳಿದರು. ಆಕೆ ನಕ್ಕುಬಿಟ್ಟರು. "ಮೂರನೇ ಮಹಡಿಯಿಂದ ಬಿದ್ದವನಿಗೆ ಯಾವ ಹಲಗೆ ಗಟ್ಟಿ ಅಂತ ಮೊದಲೇ ಹೇಳಿದ್ದು ನೀವೊಬ್ರೇ, ಅಂತಿದಾರೆ."

ಒಳ್ಳೆಯ ಪಟ್ಟಿಗಳು ಮೂರೇ ಬಂದಿವೆ. ಬೇಕಾದದ್ದು ಎರಡು. ಶಸ್ತ್ರಚಿಕಿತ್ಸೆ ಶನಿವಾರ.

ಮೇ 8, ಬುಧವಾರ

ಫೋನಿಟ್ಟ ಮೇಲೆ ಅಮ್ಮ ಕೇಳಿದಳು, "ಯಾರ ಹತ್ರ ಅಷ್ಟೊತ್ತು ಮಾತು?"

"ಅಕ್ಕನ ಹತ್ರ."

"ನನಗೆ ಗೊತ್ತಿಲ್ದೆ ನಿನಗೆ ಅಕ್ಕ ಯಾವಾಗ ಹುಟ್ಟಿದ್ಲು?"

ಪೇಂಟರ ಹೆಂಡತಿ ಎಂದೆ. "ಓ," ಎಂದು ಕನ್ನಡಕದ ಮೇಲಿಂದ ನೋಡಿದಳು. ಅದರಲ್ಲಿ ಹಾಗೆ ನೋಡುವಂಥದ್ದು ಏನಿದೆಯೋ.

ಮೇ 10, ಶುಕ್ರವಾರ

ಅಕ್ಷರ ಹೇಗೆ ಬಂದರೂ ಸರಿ, ಇವತ್ತೇ ಬರೆಯಬೇಕು.

ಊಟದ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ಕಟ್ಟಡದ್ದಲ್ಲ, ಇಡೀ ಊರಿನದು. ಬಿಸಿಲಿಗೆ ದೊಡ್ಡ ಲೈನೇ ಕೈಕೊಟ್ಟಿದೆಯಂತೆ. ನಮ್ಮ ಜನರೇಟರ್ ಸ್ವಲ್ಪ ಹೊತ್ತು ಕೆಮ್ಮಿ ಸುಮ್ಮನಾಯಿತು. ತಂಪು ಕಪಾಟಿನ ಬಾಗಿಲು ತೆರೆಯಬೇಡಿ ಎಂದು ಕೂಗಿದೆ. ಕಪಾಟಿನ ಮುಳ್ಳು ಮಾತ್ರ ಏರುತ್ತಲೇ ಇತ್ತು. ಇಪ್ಪತ್ತೈದು ದಾಟಿದರೆ ಪಟ್ಟಿ ಮುದುಡಲು ಶುರುಮಾಡುತ್ತದೆ, ಒಮ್ಮೆ ಮುದುಡಿದರೆ ಮತ್ತೆ ಚಪ್ಪಟೆಯಾಗುವುದಿಲ್ಲ. ಹಾಗೆಂದು ಐಸಿನಲ್ಲಿ ಇಡುವಂತಿಲ್ಲ. ಬಹಳ ತಣ್ಣಗಾದರೆ ಪಾಲಿಮರ್ ಗಾಜಿನಂತಾಗಿ ಒಳಗಿನ ಚಿನ್ನದ ಎಳೆ ಬಿರುಕು ಬಿಡುತ್ತದೆ.

ಗಾಜಿನ ಬಾಗಿಲಿನಾಚೆ, ನೋಡುತ್ತಿದ್ದ ಹಾಗೆ, ಮೇಲಿನ ತಟ್ಟೆಯಲ್ಲಿದ್ದ ಒಂದು ಪಟ್ಟಿಯ ಮೂಲೆ ಎದ್ದಿತು. ಎದ್ದು, ಗಾಳಿಯನ್ನೇ ತಬ್ಬಿಕೊಂಡು ಸುರುಳಿಯಾಯಿತು. ಮೂರರಲ್ಲಿ ಒಂದು ಹೋಯಿತು.

ಉಳಿದೆರಡನ್ನು ಸಣ್ಣ ಡಬ್ಬಿಗೆ ಹಾಕಿ, ಡಬ್ಬಿಯನ್ನು ಅಗಲ ಬಾಯಿಯ ಫ್ಲಾಸ್ಕಿನ ನೀರಿನಲ್ಲಿ ಮುಳುಗಿಸಿದೆ. ಆಸ್ಪತ್ರೆಯ ಔಷಧಿ ಕೋಣೆಗೆ ಬೇರೆ ಜನರೇಟರ್ ಇದೆ, ಅಲ್ಲಿಗೆ ತಲುಪಿಸಬೇಕು. ತಂತಿ ಕಾರು ತೆಗೆದ. ಸಿಗ್ನಲ್ ದೀಪ ಒಂದೂ ಇಲ್ಲ, ಪ್ರತಿ ವೃತ್ತದಲ್ಲೂ ನಾಲ್ಕು ದಿಕ್ಕಿನ ವಾಹನ ಕೊಂಬು ಕೊಂಬಿಗೆ ಸಿಕ್ಕಿಕೊಂಡಿವೆ. ನಾನು ತೊಡೆಯ ಮೇಲೆ ಫ್ಲಾಸ್ಕ್ ಇಟ್ಟುಕೊಂಡು, ಥರ್ಮಾಮೀಟರು ನೋಡುತ್ತಾ, ಏರಿದರೆ ಚೂರು ಐಸು, ಇಳಿದರೆ ಚೂರು ನೀರು ಹಾಕುತ್ತಾ ಕೂತೆ. ಹಾಲು ಕಾಯಿಸುವಾಗಲೂ ನಾನು ಇಷ್ಟು ಹುಷಾರಾಗಿದ್ದವಳಲ್ಲ.

"ಏನಾದ್ರೂ ಮಾತಾಡು," ಎಂದ ತಂತಿ.

"ಹದಿನೆಂಟು," ಎಂದೆ.

"ಬೇರೆ ಏನಾದ್ರೂ."

"ಹತ್ತೊಂಬತ್ತು. ಹಾರ್ನ್ ಮಾಡು!"

ಕೊನೆಯ ವೃತ್ತದಲ್ಲಿ ಕಾರು ಬಿಟ್ಟು ಓಡಿದೆವು. ಆಸ್ಪತ್ರೆಯಲ್ಲಿ ಲಿಫ್ಟೂ ನಿಂತಿತ್ತು. ಎರಡನೇ ಮಹಡಿಗೆ ನನ್ನ ಉಸಿರು ಮುಗಿಯಿತು. ಫ್ಲಾಸ್ಕನ್ನು ತಂತಿಯ ಕೈಗೆ ಕೊಟ್ಟು ಓಡು ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಎರಡೂ ಕೈಯಲ್ಲಿ ತಬ್ಬಿಕೊಂಡು ಮೆಟ್ಟಿಲು ಹತ್ತಿದ.

ನಾಲ್ಕನೇ ಮಹಡಿಗೆ ನಾನು ತಲುಪಿದಾಗ ಕಾರಿಡಾರ್ ಕತ್ತಲೆ. ಜನರೇಟರ್ ಶಸ್ತ್ರಚಿಕಿತ್ಸೆಯ ಕೋಣೆಗಳಿಗೂ ಔಷಧಿ ಕೋಣೆಗೂ ಮಾತ್ರ ಸಾಲುತ್ತಿದೆ, ವಾರ್ಡಿನ ಯಂತ್ರಗಳು ಬ್ಯಾಟರಿಯ ಮೇಲೆ ನಡೆಯುತ್ತಿವೆ ಎಂದರು. ಪೇಂಟರ ಯಂತ್ರದ ಬ್ಯಾಟರಿ ಮುಗಿದಿತ್ತು. ಅಕ್ಕ ಅವರ ತಲೆಯ ಬಳಿ ನಿಂತು, ಕತ್ತಿನ ಕೊಳವೆಗೆ ಸಿಕ್ಕಿಸಿದ ರಬ್ಬರಿನ ಗಾಳಿಚೀಲವನ್ನು ಒತ್ತುತ್ತಿದ್ದರು. ಒತ್ತಿ, ಬಿಟ್ಟು, ಒತ್ತಿ. ನರ್ಸ್ ಇನ್ನೊಂದು ಹಾಸಿಗೆಯಲ್ಲಿ ಅದೇ ಕೆಲಸದಲ್ಲಿದ್ದರು. ಅಕ್ಕನ ಬೆರಳುಗಳು ಸೋತು ಬಿಳಿಚಿಕೊಂಡಿದ್ದವು. ನನ್ನನ್ನು ಕಂಡವರೇ, "ತಂಗೀ, ಹಿಡ್ಕೋ," ಎಂದರು.

ಹಿಡಿದೆ. ಮನುಷ್ಯನೊಬ್ಬನ ಉಸಿರು ಕೈಯಲ್ಲಿ ಅಷ್ಟು ಹಗುರವಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಹೆದರಿಕೆಗೆ ಬೇಗ ಬೇಗ ಒತ್ತಿದೆ.

"ನಿಧಾನ," ಎಂದರು ಪೇಂಟರ್.

ನಿಧಾನ ಮಾಡಿದೆ.

"ಹಾಂ. ಹಾಗೇ. ಗೋಡೆಗೆ ಬ್ರಷ್ ಎಳೆದ ಹಾಗೆ. ಪಟ್ಟಿ ಬಂತಾ?"

"ಬಂತು. ಎರಡು ಉಳಿದಿವೆ," ಎಂದೆ.

"ಎರಡೇ ತಾನೇ ಬೇಕಾದ್ದು. ನೀವ್ಯಾಕೆ ಅಳ್ತಿದೀರಾ?"

ನಾನೇನೂ ಅಳುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಬೆವರಿದ್ದೆ. ಹಾಗೆಂದು ಹೇಳಿದರೆ ಅವರು ಹುಬ್ಬು ಹಾರಿಸಿದರು.

ಅಕ್ಕ, ನಾನು, ತಂತಿ ಸರದಿಯಲ್ಲಿ ಒತ್ತಿದೆವು. ಬೆಳಕಿರುವಾಗಲೇ ವಾರ್ಡಿಗೆ ಕರೆಂಟು ಬಂತು. ಯಂತ್ರ ಮತ್ತೆ ಸದ್ದು ಮಾಡಿದಾಗ ಅಕ್ಕ ನೆಲದ ಮೇಲೆಯೇ ಕೂತುಬಿಟ್ಟರು.

ಔಷಧಿ ಕೋಣೆಯಲ್ಲಿ ಡಬ್ಬಿ ತೆರೆದು ನೋಡಿದೆ. ಎರಡೂ ಚಪ್ಪಟೆಯಾಗಿವೆ.

ಮೇ 11, ಶನಿವಾರ

ಗಾಜಿನ ಆಚೆ ನಿಂತು ನೋಡಿದೆ. ಮೇಡಂ ಮೊದಲು ಎಡಗಡೆಯ ಪಟ್ಟಿಯನ್ನು ನರದ ಕೆಳಗೆ ಜಾರಿಸಿ, ಬೆಚ್ಚಗಿನ ಉಪ್ಪುನೀರು ಬಿಟ್ಟರು. ಅದು ಏಳಲಿಲ್ಲ. ಮೇಡಂ ಅವಸರ ಮಾಡಲಿಲ್ಲ, ಇನ್ನೊಂದು ಸ್ವಲ್ಪ ನೀರು ಬಿಟ್ಟು ಕೈ ಕಟ್ಟಿ ಕಾದರು. ಆಗ ಎದ್ದಿತು. ಎದ್ದು, ನಿದ್ದೆಯಲ್ಲಿರುವ ಮಗು ಬೆರಳು ಹಿಡಿದುಕೊಳ್ಳುವ ಹಾಗೆ ಹಿಡಿದುಕೊಂಡಿತು.

ಬಲಗಡೆಯದು ಕೂಡಲೇ ಸುತ್ತಿಕೊಂಡಿತು. ತಂತಿ ಸಿಗ್ನಲ್ ಕೊಟ್ಟ. ಹೊಟ್ಟೆ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು. ಮೇಷ್ಟ್ರು ನನ್ನ ಭುಜದ ಮೇಲೆ ಕೈಯಿಟ್ಟು ಒಮ್ಮೆ ಅದುಮಿ, ಹೊರಗೆ ಹೋದರು.

ಮೇ 13, ಸೋಮವಾರ

ಜ್ವರ.

ಮೇ 14, ಮಂಗಳವಾರ

ನಿನ್ನೆ ಒಂದು ಪದದಾಚೆ ಬರೆಯಲು ಆಗಲಿಲ್ಲ. ಗಾಯಕ್ಕೆ ಸೋಂಕು. ಬೆಳಿಗ್ಗೆ ಮೂವತ್ತೊಂಬತ್ತು ಇದ್ದದ್ದು ಮಧ್ಯಾಹ್ನಕ್ಕೆ ಮೇಲೇರುತ್ತಲೇ ಹೋಯಿತು. ಔಷಧಿ ಕೊಟ್ಟಿದ್ದರು, ಅದು ಹಿಡಿಯಲು ಹೊತ್ತು ಬೇಕು. ಏಸಿ ಕೆಲಸ ಮಾಡುತ್ತಿಲ್ಲ. ಕಿಟಕಿಯಿಂದ ಒಲೆಯ ಬಾಯಿಯಂಥ ಗಾಳಿ.

ಬಕೆಟ್ಟು, ಬಟ್ಟೆ ತಂದೆವು. ಅಕ್ಕ ಒಂದು ಕಡೆ, ನಾನು ಒಂದು ಕಡೆ. ಕಂಕುಳು, ತೊಡೆಸಂದು, ಅಂಗಾಲು, ಹಣೆ. ಬಟ್ಟೆ ಅದ್ದಿ ಹಾಕಿ, ಬಿಸಿಯಾದದ್ದು ತೆಗೆದು, ಮತ್ತೆ ಅದ್ದಿ. ನನಗೆ ಒಳಗಿನದೆಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು: ಈಗ ಅಂಚು ದಿಂಡಿಗೆ ತಾಗಿರುತ್ತದೆ, ಈಗ ಒತ್ತುತ್ತಿರುತ್ತದೆ.

"ಎಷ್ಟು?" ಎಂದರು ಪೇಂಟರ್.

"ಮೂವತ್ತೊಂಬತ್ತೂ ಮುಕ್ಕಾಲು."

"ನಲವತ್ತಕ್ಕೆ ಬಾಕಿ ಕಾಲು. ಅದು ಒಳಗೆ ತಡೀತಿರಬೇಕು ಅಲ್ವಾ, ಪಾಪ."

ಪಟ್ಟಿಗೆ ಯಾರೂ ಇದುವರೆಗೆ ಪಾಪ ಎಂದಿರಲಿಲ್ಲ. ನಾನೂ ಅಂದಿರಲಿಲ್ಲ.

"ನಿಮಗೆ ಚಳಿ ಆಗ್ತಿದೆಯಾ?" ಎಂದೆ.

"ಮುಖಕ್ಕೆ ಮಾತ್ರ. ಕೆಳಗಿನದು ನಂದಲ್ವಲ್ಲ," ಎಂದರು.

ಮೇಷ್ಟ್ರು ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ತೋಳು ಮಡಚಿ, ಬಕೆಟ್ಟಿನ ನೀರು ಬದಲಾಯಿಸಲು ಹೋದರು. ಎಷ್ಟು ಸಲ ಹೋಗಿ ಬಂದರೋ. ಒಮ್ಮೆ ಮೆಲ್ಲಗೆ, "ಆ ಹಳೇ ಪಟ್ಟಿ ಇದ್ದಿದ್ರೆ ಇಷ್ಟೊತ್ತಿಗೆ..." ಎಂದರು. ಮುಂದೆ ಹೇಳಬೇಡಿ ಎಂದು ಕಣ್ಣಲ್ಲೇ ತಡೆದೆ. ಪೇಂಟರಿಗೆ ಕಿವಿ ಚೆನ್ನಾಗಿದೆ.

ಇಳಿಹೊತ್ತಿನಲ್ಲಿ ಥರ್ಮಾಮೀಟರು ನಲವತ್ತನ್ನು ಮುಟ್ಟಿತು. ಮುಟ್ಟಿ ಅಲ್ಲೇ ನಿಂತಿತು. ಕೋಣೆಯಲ್ಲಿ ಬಟ್ಟೆ ಹಿಂಡುವ ಸದ್ದೊಂದೇ. ಆಮೇಲೆ ಹಣೆಯ ಮೇಲೆ ಬೆವರು ಕಾಣಿಸಿತು. ಬಟ್ಟೆಯ ನೀರೆಂದು ಒರೆಸಿದೆ. ಮತ್ತೆ ಕಾಣಿಸಿತು. ಅಕ್ಕ ಬಾಗಿ, "ಬೆವರು ತಂಗಿ, ಬೆವರು!" ಎಂದರು.

ಜ್ವರ ಬಿಟ್ಟಿತು. ಬಲಗಡೆಯ ನರ ಮಾತ್ರ ಇವತ್ತು ಬೆಳಿಗ್ಗೆ ಸಿಗ್ನಲ್‌ಗೆ ಓಗೊಡಲಿಲ್ಲ. ಆ ಕಡೆಯ ದಿಂಡು ನಲವತ್ತರಲ್ಲೇ ಬಾಗಿರಬೇಕು. ಎಡಗಡೆಯದು ಓಗೊಡುತ್ತದೆ.

ಮನೆಗೆ ಬಂದು ಅಮ್ಮನ ಹಣೆ ಮುಟ್ಟಿ ನೋಡಿದೆ. "ನನಗೇನಾಗಿದೆ?" ಎಂದಳು. ಏನೂ ಇಲ್ಲ, ಸುಮ್ಮನೆ.

ಮೇ 16, ಗುರುವಾರ

ಮೇಡಂ ಸ್ಪಷ್ಟವಾಗಿ ಹೇಳಿದರು. ಬಲ ನರ ಚೇತರಿಸಿಕೊಳ್ಳಬಹುದು, ಕೊಳ್ಳದೆಯೂ ಇರಬಹುದು. ಒಂದೇ ಕಡೆಯಿಂದ ಹಗಲು ಹೊತ್ತು ಯಂತ್ರ ಬಿಡಿಸಬಹುದು. ಮಲಗುವಾಗ ಯಂತ್ರ ಬೇಕು. ಅದೂ ಕೂಡಲೇ ಅಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಉಸಿರಿನ ಸ್ನಾಯುವನ್ನು ನಿಧಾನವಾಗಿ ಪಳಗಿಸಬೇಕು.

ಅರ್ಧ ಗೆಲುವು ಎಂದು ವರದಿಯಲ್ಲಿ ಬರೆಯಲೇ ಎಂದು ಮೇಷ್ಟ್ರು ಕೇಳಿದರು. ಎಡ ನರ ಉಳಿದಿದೆ, ಬಲ ನರ ಓಗೊಡುತ್ತಿಲ್ಲ ಎಂದು ಬರೆಯಿರಿ ಎಂದೆ. ಹಾಗೇ ಬರೆದರು.

ಪೇಂಟರ ಮುಂದೆ ನಿಂತು ಕ್ಷಮೆ ಕೇಳಬೇಕೆಂದಿದ್ದೆ. ಬಾಯಿ ತೆರೆಯುವ ಮೊದಲೇ ಅವರು, "ಒಂದು ಕೋಟ್ ಆಗಿದೆ. ಎರಡನೇ ಕೋಟ್ ಯಾವಾಗ?" ಎಂದರು. ಹೊಸ ಪಟ್ಟಿ ಮಾಡಿ ಬಲಗಡೆಗೆ ಮತ್ತೆ ಪ್ರಯತ್ನಿಸುತ್ತೀರಾ ಎಂದರ್ಥ. ಗೊತ್ತಿಲ್ಲ ಎಂದೆ. ನಲವತ್ತೆರಡಕ್ಕೂ ಬಾಗದ ದಿಂಡು ಬೇಕು. ಅಷ್ಟಾದ ಮೇಲೆ ಹೇಳುತ್ತೇನೆ ಎಂದೆ.

ಮೇ 28, ಮಂಗಳವಾರ

ಇವತ್ತು ರೇಡಿಯೋದಲ್ಲಿ ಒಂದು ಹಾಡು ಮುಗಿಯುವಷ್ಟು ಹೊತ್ತು ಯಂತ್ರವಿಲ್ಲದೆ ಉಸಿರಾಡಿದರು. ಹಾಡು ಕೆಟ್ಟದಾಗಿತ್ತು. ಚಿಕ್ಕದಾದರೂ ಆಗಿರಬಾರದಿತ್ತೇ ಎಂದು ಕೊನೆಯಲ್ಲಿ ಬೈದರು.

ಮೇಡಂ ವಿಮಾನ ಹತ್ತುವ ಮೊದಲು ಬಂದು ಹೋದರು.

ಜೂನ್ 5, ಬುಧವಾರ

ಸದ್ದಿಲ್ಲದ ಕೋಣೆಯಲ್ಲಿ ಅಕ್ಕನಿಗೆ ನಿದ್ದೆ ಬರುತ್ತಿಲ್ಲವಂತೆ. ಮಧ್ಯಾಹ್ನ ಯಂತ್ರ ಆರಿಸಿದಾಗ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಗಾಬರಿಯಾಗಿ ಎಚ್ಚರವಾಗುತ್ತದೆಯಂತೆ. "ಆ ಸದ್ದು ಕೇಳ್ತಿದ್ರೆ ಇದಾರೆ ಅಂತ ಅರ್ಥ. ಈಗ ಎದ್ದು ಎದ್ದು ಮುಖ ನೋಡ್ಬೇಕು."

ನೀವು ಮಲಗಿ, ನಾನು ನೋಡುತ್ತಿರುತ್ತೇನೆ ಎಂದೆ. ಅವರು ಮಲಗಿದ ಮೇಲೆ ಪೇಂಟರೂ ನಾನೂ ಹರಟೆ ಹೊಡೆದೆವು. ಬಣ್ಣ ಯಾಕೆ ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ, ತಂತಿಗೆ ಮದುವೆ ಯಾಕಾಗಿಲ್ಲ, ಹೀಗೆ ಏನೇನೋ. ಪ್ರಯೋಗಾಲಯಕ್ಕೆ ಹೋಗುವುದು ಮರೆತೇಹೋಯಿತು.

ಜೂನ್ 12, ಬುಧವಾರ

ಇವತ್ತು ಕತ್ತಿನ ಕೊಳವೆಗೆ ಸಣ್ಣ ಕವಾಟ ಹಾಕಿದರು. ಗಾಳಿ ಒಳಗೆ ಹೋಗುವುದು ಕೊಳವೆಯಿಂದ, ಹೊರಗೆ ಬರುವಾಗ ಮಾತ್ರ ಗಂಟಲಿನ ದಾರಿ ಹಿಡಿಯಬೇಕು. ನರ್ಸ್, ಅಕ್ಕ, ತಂತಿ, ನಾನು ಸುತ್ತ ನಿಂತಿದ್ದೆವು. ಮೊದಲು ಕೆಮ್ಮು. ಬಹಳ ಕೆಮ್ಮು. ತೆಗೆದುಬಿಡೋಣವೇ ಎಂದು ನರ್ಸ್ ಕೇಳಿದರು. ಪೇಂಟರ್ ಬೇಡವೆಂದು ಕಣ್ಣು ಬಿಗಿಯಾಗಿ ಮುಚ್ಚಿದರು.

"ಮಾತಾಡಿ, ಏನಾದ್ರೂ," ಎಂದರು ನರ್ಸ್.

"ಏನ್ ಹೇಳ್ಲಿ?"

ನಾನು ಬೆಚ್ಚಿಬಿದ್ದೆ. ತೆಳ್ಳನೆಯ, ಸ್ವಲ್ಪ ಮೂಗಿನ ಧ್ವನಿ. ಬೇರೆ ಯಾರೋ ಕೋಣೆಯೊಳಗೆ ಬಂದರು ಎಂದುಕೊಂಡೆ. ಪೇಂಟರ ಧ್ವನಿ ಹೀಗಿರಲಿಲ್ಲ, ಭಾರವಾಗಿತ್ತು, ಎದೆಯೊಳಗಿನಿಂದ ಬರುತ್ತಿತ್ತು. ಗಾಳಿಚೀಲ ಒತ್ತಿದ ದಿನ, ಜ್ವರದ ದಿನ, ಹರಟೆ ಹೊಡೆದ ದಿನ ಎಷ್ಟು ಸಲ ಕೇಳಿದ್ದೇನೆ! ಆಮೇಲೆ ಯೋಚಿಸಿದೆ. ಎಲ್ಲಿ ಕೇಳಿದ್ದೆ? ತುಟಿ ನೋಡಿದ್ದೆ, ಅಷ್ಟೇ. ಅದು ಯಾವಾಗ ಕಿವಿಗೆ ಕೇಳಿಸಲು ಶುರುವಾಯಿತೋ.

"ಏನ್ ಹೇಳ್ಲಿ ಅಂದ್ರೆ! ಇಷ್ಟು ತಿಂಗಳಿಂದ ಹೇಳೋಕೆ ಏನೂ ಕೂಡಿಟ್ಟಿಲ್ವಾ?" ಎಂದ ತಂತಿ.

"ಎಲ್ಲಾ ಇವಳಿಗೆ ಹೇಳ್ಬಿಟ್ಟಿದೀನಲ್ಲ," ಎಂದರು. ಪಟ್ಟಿ ತಟ್ಟಿದಾಗ ಮಾತ್ರ ಉಸಿರು ಬರುವುದರಿಂದ ಮಾತು ನಡುನಡುವೆ ನಿಂತು ನಿಂತು ಬರುತ್ತಿತ್ತು. ಎಲ್ಲರೂ ನಕ್ಕರು.

ಅಕ್ಕ ನಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಹಿಂದೆಯೇ ಹೋದೆ. ಕಾರಿಡಾರಿನ ಕೊನೆಯಲ್ಲಿ, ನೀರಿನ ಯಂತ್ರದ ಪಕ್ಕ, ಗೋಡೆಗೆ ಮುಖ ಮಾಡಿ ನಿಂತಿದ್ದರು. ಬೆನ್ನು ಸವರಿದೆ. ಸಂತೋಷಕ್ಕೆ ಅಳುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

"ಸಂತೋಷ ಅಲ್ಲ ತಂಗಿ," ಎಂದರು. "ನನಗೆ ಮರೆತುಹೋಗಿತ್ತು. ಇವರ ಧ್ವನಿ ಹೇಗಿತ್ತು ಅನ್ನೋದೇ ಮರೆತುಹೋಗಿತ್ತು. ಚಳಿಗಾಲದಲ್ಲೇ ಮರೆತಿದ್ದೆ. ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಿರ್ಲಿಲ್ಲ. ಹದಿನಾಲ್ಕು ವರ್ಷ ಸಂಸಾರ ಮಾಡಿ ಮರೆತೆ ಅಂತ ಯಾರ ಹತ್ರ ಹೇಳ್ಕೊಳ್ಳಿ?"

ನನ್ನ ಕೈ ಬೆನ್ನ ಮೇಲೇ ಇತ್ತು.

ಆಗ ಒಳಗಿನಿಂದ ಆ ತೆಳ್ಳನೆಯ ಧ್ವನಿ ಬಂತು. ತಡೆದು ತಡೆದು, ಆದರೆ ಕಾರಿಡಾರಿನ ತುದಿಯವರೆಗೂ ಕೇಳುವಷ್ಟು.

"ಏಯ್... ಎಲ್ಲಿಗೆ... ಹೋದೆ?"

ಅಕ್ಕ ಗೋಡೆಯಿಂದ ಮುಖ ತಿರುಗಿಸಿರಲಿಲ್ಲ. ಯಾರ ತುಟಿಯನ್ನೂ ನೋಡದೆ, ಹಾಗೇ ಬೆನ್ನು ಹಾಕಿ ನಿಂತೇ ಕೂಗಿದರು:

"ಬಂದೆ!"